ಪ್ರೈಮ್ ಲೆನ್ಸ್ ಕೊಳ್ಳುವ ಮುನ್ನ ಮನೆಯ ಹಾಲ್ ಅಳೆಯಿರಿ

ಹತ್ತಕ್ಕೆ ಹನ್ನೆರಡು ಅಡಿಯ ಹಾಲ್. ನಾಮಕರಣ. ತೊಟ್ಟಿಲ ಪಕ್ಕ ಅಜ್ಜಿ, ಅಜ್ಜಿಯ ತೊಡೆ ಮೇಲೆ ಮಗು, ಅತ್ತಿತ್ತ ಸೋದರತ್ತೆಯರು. ಕ್ಯಾಮೆರಾದಲ್ಲಿ ಹೊಸದಾಗಿ ಕೊಂಡ 50 ಎಂಎಂ ಲೆನ್ಸ್. ಹಿಂದಕ್ಕೆ ಸರಿದು ಸರಿದು ಬೆನ್ನು ಶೋಕೇಸಿಗೆ ತಗುಲಿದರೂ ಫ್ರೇಮಿನೊಳಗೆ ಅಜ್ಜಿ, ಮಗು ಇಬ್ಬರೇ. ಸೋದರತ್ತೆಯ ಬಳೆ ತೊಟ್ಟ ಕೈ ಬಂದಿದೆ, ಮುಖ ಬಂದಿಲ್ಲ.

‘ಸುಮ್ನೆ ಒಂದು ಫಿಫ್ಟಿ ತಗೊಳ್ಳಿ’ ಎಂಬ ಮಾತು ಕೇಳಿ ಲೆನ್ಸ್ ಕೊಂಡ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ 30ಕ್ಕೆ 40ರ ಸೈಟಿನ ಮನೆಗಳಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿದೆ? ಕಡಿಮೆ ಬೆಲೆಯ ಪ್ರೈಮ್ ಲೆನ್ಸ್‌ಗಳಲ್ಲಿ ಚಿತ್ರದ ಗುಣಮಟ್ಟಕ್ಕೆ ಮೋಸವಾಗುವುದು ಅಪರೂಪ. ಮೋಸವಾಗುವುದು ದೂರದ ಲೆಕ್ಕದಲ್ಲಿ.

ಜೂಮ್ ಬಿಟ್ಟುಕೊಟ್ಟು ಪಡೆಯುವುದೇನು?

ಪ್ರೈಮ್ ಲೆನ್ಸ್‌ನಲ್ಲಿ ಜೂಮ್ ಇಲ್ಲ, ಫೋಕಲ್ ಲೆಂಗ್ತ್ (35, 50 ಎಂಎಂ ಎಂದು ಬರೆಯುವ ಅಂಕಿ; ಅದು ಹೆಚ್ಚಿದಷ್ಟೂ ಫ್ರೇಮಿಗೆ ಹಿಡಿಸುವುದು ಕಡಿಮೆ) ಒಂದೇ. ಬದಲಿಗೆ ಬೆಳಕು ಸಿಗುತ್ತದೆ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ 55ರ ತುದಿಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಬೆಳಕು ಒಳಬರುವ ಕಿಂಡಿಯೇ ಅಪರ್ಚರ್; ಎಫ್ ಅಂಕಿ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು). ಎಫ್/1.8ರ ಪ್ರೈಮ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಅಂದರೆ ಟ್ಯೂಬ್‌ಲೈಟ್ ಕೆಳಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 6400 ಬೇಕಾಗಿದ್ದ ಕಡೆ ಅದೇ ಶಟರ್ ವೇಗಕ್ಕೆ ಐಎಸ್ಒ 640 ಸಾಕು. ಮುಖದ ಮೇಲಿನ ಆ ರವೆ ಉದುರಿದಂಥ ಕಾಳುಕಾಳು ಹೋಗುತ್ತದೆ. ಹಿನ್ನೆಲೆ ಮಸುಕಾಗುವುದು ಇದರ ಜೊತೆಗೆ ಬರುವ ಲಾಭ.

ನಂದಿಬೆಟ್ಟದ ಬೆಳಗಿನ ಮಂಜು ತೆಗೆಯಬೇಕೆಂದು ಪ್ರೈಮ್ ಹುಡುಕುವವರೂ ಇದ್ದಾರೆ. ಆ ಕೆಲಸ ಹೇಗೂ ಎಫ್/8ರಲ್ಲಿ ನಡೆಯುವುದು, ಕೈಯಲ್ಲಿರುವ ಕಿಟ್ ಲೆನ್ಸ್ ಧಾರಾಳ. ದುಡ್ಡು ಉಳಿಸಿ.

ಮೊದಲು ಹಳೆಯ ಫೋಟೊ ನೋಡಿ

ಕಳೆದ ಒಂದು ವರ್ಷದಲ್ಲಿ ನಿಮಗೆ ಇಷ್ಟವಾದ ಐವತ್ತು ಫೋಟೊ ಆರಿಸಿ. ಕಂಪ್ಯೂಟರಿನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ಅದರೊಳಗೆ ‘ಡೀಟೇಲ್ಸ್’ ತೆರೆದರೆ ಫೋಕಲ್ ಲೆಂಗ್ತ್ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಲ್ಲಿ ಈ ವಿವರ ಅಳಿಸಿಹೋಗಿರುತ್ತದೆ. ಕಾರ್ಡಿನಿಂದ ಇಳಿಸಿಕೊಂಡ ಮೂಲ ಫೈಲೇ ಬೇಕು. ಒಂದು ಹಾಳೆಯಲ್ಲಿ 18-22, 23-30, 31-40, 41-55 ಎಂದು ನಾಲ್ಕು ಕಲಂ ಗೀಚಿ ಗೆರೆ ಹಾಕುತ್ತಾ ಹೋಗಿ. ಎರಡು ತುದಿಗಳ ಲೆಕ್ಕವನ್ನು ಪೂರ್ತಿ ನಂಬಬೇಡಿ. ರಿಂಗ್ ತಿರುಗಿಸಿದರೆ ಅದು ನಿಲ್ಲುವುದೇ ಅಲ್ಲಿ, ಆದ್ದರಿಂದ 18 ಮತ್ತು 55ರಲ್ಲಿ ಫೋಟೊಗಳು ಗುಂಪುಗೂಡುವುದು ಸಹಜ. ನಡುವಿನ ಎರಡು ಕಲಂಗಳು ನಿಮ್ಮ ಕಣ್ಣಿನ ನಿಜವಾದ ಒಲವನ್ನು ಹೇಳುತ್ತವೆ.

ಆಮೇಲೆ ಜೂಮ್ ರಿಂಗನ್ನು 35ರ ಗುರುತಿನಲ್ಲಿ ನಿಲ್ಲಿಸಿ ಮಾಸ್ಕಿಂಗ್ ಟೇಪ್ ಸುತ್ತಿ. ಸೆಲ್ಲೋ ಟೇಪ್ ಬೇಡ, ಅಂಟು ಉಳಿಯುತ್ತದೆ. ಒಂದು ವಾರ ಅದರಲ್ಲೇ ತೆಗೆಯಿರಿ. ಮುಂದಿನ ವಾರ 55ರ ಗುರುತಿಗಿಂತ ಕೂದಲೆಳೆಯಷ್ಟು ಹಿಂದೆ, 50ರಲ್ಲಿ. ಖರ್ಚು ಒಂದು ಟೇಪಿನದ್ದು. ಯಾವ ವಾರ ಹೆಚ್ಚು ಸಿಟ್ಟು ಬಂತೋ ಆ ಲೆನ್ಸ್ ನಿಮ್ಮದಲ್ಲ.

ಅಳತೆ ಟೇಪಿನ ಲೆಕ್ಕ

ಬೇಕಾದ ದೂರ ಎಷ್ಟೆಂದು ತಿಳಿಯಲು ಒಂದು ಗುಣಾಕಾರ, ಒಂದು ಭಾಗಾಕಾರ ಸಾಕು. ಫ್ರೇಮಿನಲ್ಲಿ ಎಷ್ಟು ಅಗಲ ಬೇಕೋ ಅದನ್ನು ಫೋಕಲ್ ಲೆಂಗ್ತ್‌ನಿಂದ ಗುಣಿಸಿ, ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್‌ನ) ಉದ್ದದಿಂದ ಭಾಗಿಸಿ. ಸಣ್ಣ ಸೆನ್ಸರಿನ ಕ್ಯಾನನ್‌ಗಳಲ್ಲಿ (1500ಡಿ, 200ಡಿ ಮುಂತಾದವು) ಆ ಉದ್ದ 22.3 ಮಿ.ಮೀ., ನಿಕಾನ್ ಮತ್ತು ಸೋನಿಯಲ್ಲಿ ಸುಮಾರು 23.5.

ನಿಂತ ಒಬ್ಬರ ಪೂರ್ತಿ ಚಿತ್ರಕ್ಕೆ, ಕ್ಯಾಮೆರಾ ಉದ್ದುದ್ದ ಹಿಡಿದು, ತಲೆಯ ಮೇಲೆ ಕಾಲ ಕೆಳಗೆ ಸ್ವಲ್ಪ ಬಿಟ್ಟರೆ 2 ಮೀಟರ್ ಬೇಕು. ಕ್ಯಾನನ್‌ನಲ್ಲಿ 50 ಎಂಎಂ ಆದರೆ 4.5 ಮೀಟರ್, ಅಂದರೆ ಹೆಚ್ಚುಕಮ್ಮಿ 15 ಅಡಿ ಹಿಂದೆ ನಿಲ್ಲಬೇಕು. 24 ಎಂಎಂ ಆದರೆ 7 ಅಡಿ. ನಿಕಾನ್‌ನಲ್ಲಿ 35 ಎಂಎಂ ಆದರೆ ಸುಮಾರು 10 ಅಡಿ. ನಿಮ್ಮ ಹಾಲ್ 12 ಅಡಿಯದ್ದಾದರೆ, ಅದರಲ್ಲಿ ಸೋಫಾ ಮೂರು ಅಡಿ ತಿಂದಿದ್ದರೆ, ಉತ್ತರ ಅಲ್ಲೇ ಇದೆ. ಅಡ್ಡಡ್ಡ ಹಿಡಿದು ಆರು ಜನರ ಸಾಲು ತೆಗೆಯಲು 3 ಮೀಟರ್ ಅಗಲ ಎಂದಿಟ್ಟುಕೊಳ್ಳಿ: ಕ್ಯಾನನ್‌ನ 50ಕ್ಕೆ 22 ಅಡಿ ಬೇಕು. ಛತ್ರದಲ್ಲಿ ಅಷ್ಟು ದೂರ ಸಿಕ್ಕಬಹುದು, ಆದರೆ ನಡುವೆ ಊಟಕ್ಕೆ ಹೊರಟವರು ಅಡ್ಡ ಬರುತ್ತಲೇ ಇರುತ್ತಾರೆ.

ಭೋಗನಂದೀಶ್ವರ ದೇವಸ್ಥಾನದ ಒಳಗಿನ ಮಂಟಪದ ಕಂಬಗಳ ಕೆತ್ತನೆ ತೆಗೆಯುವವರಿಗೂ ಇದೇ ಲೆಕ್ಕ. ಕಂಬದಿಂದ ಕಂಬಕ್ಕೆ ಹೆಚ್ಚು ಅಂತರವಿಲ್ಲ. ಒಂದು ಶಿಲ್ಪಕ್ಕೆ 50 ಚೆನ್ನ, ಇಡೀ ಕಂಬಕ್ಕೆ 24 ಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಪಡೆಯಬೇಕಾದ್ದರಿಂದ, ಅಲ್ಲಿ ಕೈಯಲ್ಲೇ ಹಿಡಿದು ತೆಗೆಯಬಲ್ಲ ದೊಡ್ಡ ಅಪರ್ಚರ್‌ಗೆ ಬೆಲೆ ಜಾಸ್ತಿ.

ಹತ್ತಿರದ ದೂರವನ್ನೂ ನೋಡಿಕೊಳ್ಳಿ. ರೇಷ್ಮೆ ಹುಳು ಸಾಕುವ ಮನೆಯ ಮಂದ ಬೆಳಕಿನಲ್ಲಿ ಚಂದ್ರಿಕೆಯ ಮೇಲಿನ ಒಂದೇ ಒಂದು ಗೂಡನ್ನು ತೆಗೆಯಬೇಕು ಎನ್ನಿ. ಗೂಡು ಮೂರು ಸೆಂಟಿಮೀಟರ್ ಉದ್ದ. ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ 35 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ, ಆಗ ಫ್ರೇಮಿನ ಅಗಲ ಸುಮಾರು 10.5 ಸೆಂ.ಮೀ. ಅಂದರೆ ಗೂಡು ಫ್ರೇಮಿನ ಮೂರನೇ ಒಂದು ಭಾಗವನ್ನೂ ತುಂಬುವುದಿಲ್ಲ. ಇಎಫ್-ಎಸ್ 24 ಎಂಎಂ ಎಫ್/2.8 16 ಸೆಂ.ಮೀ.ಗೇ ಹೋಗುತ್ತದೆ, ಅಗಲ 8 ಸೆಂ.ಮೀ. ಚಿಲ್ಲರೆ. ಈ ದೂರಗಳನ್ನು ಲೆನ್ಸಿನ ಮೂತಿಯಿಂದ ಅಳೆಯುವುದಿಲ್ಲ, ಸೆನ್ಸರಿನಿಂದ ಅಳೆಯುತ್ತಾರೆ. ಕ್ಯಾಮೆರಾದ ನೆತ್ತಿಯ ಮೇಲೆ ಸೊನ್ನೆಗೆ ಅಡ್ಡಗೀಟು ಎಳೆದಂಥ ಗುರುತಿದೆಯಲ್ಲ, ಅದು ಸೆನ್ಸರ್ ಇರುವ ಜಾಗ.

ನಿಮ್ಮ ಕ್ಯಾಮೆರಾಕ್ಕೆ ಕೂರುವುದು ಯಾವುದು?

ಕ್ಯಾನನ್ ಡಿಎಸ್ಎಲ್ಆರ್ ಇದ್ದವರಿಗೆ ಅಗ್ಗದ ದಾರಿ 2015ರ ಇಎಫ್ 50 ಎಂಎಂ ಎಸ್‌ಟಿಎಂ. ತೂಕ 160 ಗ್ರಾಂ, ಫಿಲ್ಟರ್ ಅಳತೆ 49 ಮಿ.ಮೀ. ಮನೆಯೊಳಗೇ ಹೆಚ್ಚು ತೆಗೆಯುವವರು 24 ಎಂಎಂ ನೋಡಿ. ಎಫ್/2.8 ಎಂದರೆ ಬೆಳಕು ಸ್ವಲ್ಪ ಕಮ್ಮಿ, ಆದರೂ ಜನ ಫ್ರೇಮಿಗೆ ಹಿಡಿಸುತ್ತಾರೆ. ಇಎಫ್‌ಗೆ ಲೆನ್ಸಿನ ಬುಡದಲ್ಲಿ ಕೆಂಪು ಚುಕ್ಕೆ ಗುರುತು, ಇಎಫ್-ಎಸ್‌ಗೆ ಬಿಳಿ ಚೌಕ. ಬಿಳಿ ಚೌಕದ್ದು ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಡಿಎಸ್ಎಲ್ಆರ್‌ಗೆ ಕೂರುವುದಿಲ್ಲ. ಆರ್50, ಆರ್10ರಂಥ ಮಿರರ್‌ಲೆಸ್‌ಗಳಿಗೆ ಇವೆರಡೂ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ಅಡಾಪ್ಟರ್ ದುಡ್ಡು ಸೇರಿಸಿದರೆ ಆರ್‌ಎಫ್ 50 ಎಂಎಂ ಎಫ್/1.8 ಅನ್ನೇ ಕೊಳ್ಳುವುದು ಲೇಸು.

ನಿಕಾನ್‌ನಲ್ಲಿ ಒಂದು ಹಳೆಯ ಗುಂಡಿ ಇದೆ, ಜನ ಇನ್ನೂ ಬೀಳುತ್ತಿದ್ದಾರೆ. ಡಿ3000ದಿಂದ ಡಿ3500ವರೆಗಿನ, ಡಿ5000ದಿಂದ ಡಿ5600ವರೆಗಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನೊಳಗೆ ಮೋಟಾರ್ ಇರಬೇಕು, ಅಂದರೆ ಹೆಸರಿನಲ್ಲಿ ‘ಎಎಫ್-ಎಸ್’ ಇರಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ ‘ಎಎಫ್ 50 ಎಂಎಂ ಎಫ್/1.8 ಡಿ’ ಇವುಗಳ ಮೇಲೆ ಕೂರುತ್ತದೆ, ಫೋಟೊ ಬರುತ್ತದೆ, ಆಟೊಫೋಕಸ್ ಮಾತ್ರ ಆಗುವುದಿಲ್ಲ; ವ್ಯೂಫೈಂಡರಿನ ಹಸಿರು ಚುಕ್ಕೆ ನೋಡಿಕೊಂಡು ಕೈಯಲ್ಲೇ ತಿರುಗಿಸಬೇಕು. ಅದರ ಅಪರ್ಚರ್ ರಿಂಗನ್ನು ಎಫ್/22ಕ್ಕೆ ತಂದು ಲಾಕ್ ಮಾಡದಿದ್ದರೆ ‘ಎಫ್‌ಇಇ’ ಎಂಬ ದೋಷ ತೋರಿಸಿ ಶಟರ್ ಒತ್ತಲೂ ಬಿಡುವುದಿಲ್ಲ. ಈ ಬಾಡಿಗಳಿಗೆ ಕಣ್ಣುಮುಚ್ಚಿ ಹೇಳಬಹುದಾದದ್ದು 2009ರ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8 ಜಿ. 200 ಗ್ರಾಂ, ಹುಡ್ (ಅಡ್ಡಬೆಳಕು ತಡೆಯಲು ಲೆನ್ಸಿನ ಮುಂದೆ ಹಾಕುವ ಬಳೆ) ಡಬ್ಬದಲ್ಲೇ ಬರುತ್ತದೆ.

ಸೋನಿಯಲ್ಲಿ ಹೆಸರು ಪೂರ್ತಿ ಓದಿ. ‘ಇ 50 ಎಂಎಂ ಎಫ್/1.8 ಒಎಸ್ಎಸ್’ನಲ್ಲಿ ಕೈ ಅಲುಗುವುದನ್ನು ತಡೆಯುವ ವ್ಯವಸ್ಥೆ ಇದೆ, ‘ಎಫ್ಇ 50 ಎಂಎಂ ಎಫ್/1.8’ರಲ್ಲಿ ಇಲ್ಲ.

ಅಂಗಡಿಯಲ್ಲಿ

ನಿಮ್ಮದೇ ಬಾಡಿ, ಚಾರ್ಜ್ ಆದ ಬ್ಯಾಟರಿ, ಖಾಲಿ ಕಾರ್ಡ್, ಜೊತೆಗೆ ಒಂದು ದಿನಪತ್ರಿಕೆ ತೆಗೆದುಕೊಂಡು ಹೋಗಿ. ಬೆಂಗಳೂರಿಗೆ ಹೋಗಿ ಕೊಳ್ಳುವವರು ಇದನ್ನು ಅಲ್ಲೇ ಮುಗಿಸಬೇಕು, ಮನೆಗೆ ಬಂದಮೇಲೆ ಮತ್ತೆ ಬಸ್ಸು ಹತ್ತುವುದು ಯಾರಿಗೆ ಬೇಕು? ಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, 45 ಡಿಗ್ರಿ ಓರೆಯಿಂದ, ಒಂದು ಮೀಟರ್ ದೂರದಿಂದ ಎಫ್/1.8ರಲ್ಲಿ ಒಂದು ನಿರ್ದಿಷ್ಟ ಸಾಲಿಗೆ ಫೋಕಸ್ ಮಾಡಿ. ನಡುವಿನ ಒಂದೇ ಫೋಕಸ್ ಪಾಯಿಂಟ್ ಬಳಸಿ. 50 ಎಂಎಂನಲ್ಲಿ ಆ ದೂರದಲ್ಲಿ ಸ್ಪಷ್ಟವಾಗಿರುವ ಆಳ ಮೂರೇ ಸೆಂಟಿಮೀಟರ್, ಹಾಗಾಗಿ ತಪ್ಪು ಬಚ್ಚಿಟ್ಟುಕೊಳ್ಳಲಾರದು. ವ್ಯೂಫೈಂಡರ್‌ನಿಂದ ಐದು, ಲೈವ್ ವ್ಯೂನಿಂದ (ಹಿಂದಿನ ಪರದೆ ನೋಡುತ್ತಾ) ಐದು ತೆಗೆದು ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ನೋಡಿ. ಲೈವ್ ವ್ಯೂನಲ್ಲಿ ಸರಿಯಿದ್ದು ವ್ಯೂಫೈಂಡರ್‌ನ ಐದೂ ಒಂದೇ ದಿಕ್ಕಿಗೆ ಜಾರಿದ್ದರೆ ಬೇರೆ ಪೀಸ್ ಕೇಳಿ. ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಗಿದ್ದರೆ ಅಲುಗಿದ್ದು ಬಹುಶಃ ನಿಮ್ಮ ಕೈ.

ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಕಾರ್ಡ್ ಭಾರತದ್ದೇ ಎಂದು ನೋಡಿ. ಜೊತೆಗೆ ಅಂಟಿಸುವ ಅಗ್ಗದ ಯುವಿ ಫಿಲ್ಟರ್ ಬೇಡವೆನ್ನಿ: ದೀಪ, ಆರತಿ ತೆಗೆಯುವಾಗ ಜ್ವಾಲೆಯ ಪಡಿನೆರಳು ಫ್ರೇಮಿನ ಎದುರು ಮೂಲೆಯಲ್ಲಿ ತೇಲುತ್ತದೆ. ಆ ದುಡ್ಡಿಗೆ ಹುಡ್ ಕೊಳ್ಳಿ. ಕ್ಯಾನನ್ 50 ಎಸ್‌ಟಿಎಂನ ಹುಡ್ ಇಎಸ್-68.

ಸೆಕೆಂಡ್ ಹ್ಯಾಂಡ್ ಆದರೆ

ಹಿಂದಿನ ಮುಚ್ಚಳ ತೆಗೆದು, ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಒಂದೆರಡು ಧೂಳಿನ ಕಣ ಇದ್ದೇ ಇರುತ್ತದೆ, ಚಿತ್ರದಲ್ಲಿ ಕಾಣದು. ಜೇಡರ ಬಲೆಯಂತೆ ಎಳೆ ಎಳೆಯಾಗಿ ಹರಡಿದ್ದರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ. ಕ್ಯಾಮೆರಾಕ್ಕೆ ಹಾಕಿ ಎಫ್/16 ಇಟ್ಟು ಡೆಪ್ತ್ ಪ್ರಿವ್ಯೂ ಗುಂಡಿ (ಫೋಟೊ ತೆಗೆಯುವ ಮೊದಲೇ ಅಪರ್ಚರ್ ಮುಚ್ಚಿ ತೋರಿಸುವ ಗುಂಡಿ, ನಿಮ್ಮದರಲ್ಲಿದ್ದರೆ) ಒತ್ತಿದಾಗ ಅಪರ್ಚರ್ ಎಲೆಗಳು ಚುರುಕಾಗಿ ಮುಚ್ಚಬೇಕು. ಎಲೆಗಳ ಮೇಲೆ ಎಣ್ಣೆ ಹೊಳೆದರೆ ಮುಂದೆ ತಡವರಿಸುತ್ತವೆ.

ಕ್ಯಾನನ್ 50ರಲ್ಲಿ ಹೆಚ್ಚಾಗಿ ಸಿಗುವುದು ಎರಡು ಅವತಾರ. 1990ರ ‘II’ರ ಮೌಂಟ್ (ಕ್ಯಾಮೆರಾಕ್ಕೆ ಕೂರುವ ಬಳೆ) ಪ್ಲಾಸ್ಟಿಕ್, ಅಪರ್ಚರ್ ಎಲೆ ಐದು, ಎಫ್/2.8ರಲ್ಲಿ ಮದುವೆ ಮನೆಯ ಸೀರಿಯಲ್ ಸೆಟ್ ಐದು ಮೂಲೆಯ ಚಕ್ಕೆಗಳಾಗಿ ಬರುತ್ತದೆ. ಬಿದ್ದರೆ ಎರಡು ತುಂಡಾಗುವುದಕ್ಕೂ ಅದು ಹೆಸರುವಾಸಿ. ಎಸ್‌ಟಿಎಂನದ್ದು ಲೋಹದ ಮೌಂಟ್, ಏಳು ಎಲೆ. ಬೆಲೆಯಲ್ಲಿ ತೀರಾ ದೊಡ್ಡ ಅಂತರ ಇಲ್ಲದಿದ್ದರೆ ಎಸ್‌ಟಿಎಂ. ಅದರ ಒಳಕೊಳವೆ ಫೋಕಸ್ ಮಾಡುವಾಗ ಮುಂದೆ ಬರುತ್ತದೆ. ಯಾವುದಕ್ಕಾದರೂ ಗುದ್ದಿದ್ದರೆ ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ಹತ್ತು ಬಾರಿ ಫೋಕಸ್ ಮಾಡಿಸಿ ನೋಡಿ.

ಮೊದಲ ವಾರದ ತೊಂದರೆಗಳು

ಧಾರೆಯ ಹೊತ್ತು. ಮದುಮಗಳ ಹಣೆಯ ಬಾಸಿಂಗ ಕೂದಲೆಳೆಯಷ್ಟು ಸ್ಪಷ್ಟ, ಕಣ್ಣು ಮಸುಕು. ಕ್ಯಾಮೆರಾ ತಾನೇ ಪಾಯಿಂಟ್ ಆರಿಸುವ ಕ್ರಮದಲ್ಲಿತ್ತು, ಅದು ತನಗೆ ಹತ್ತಿರವಿದ್ದ, ಹೊಳೆಯುವ ವಸ್ತುವನ್ನು ಹಿಡಿಯಿತು. ಒಂದೂವರೆ ಮೀಟರ್ ದೂರದಲ್ಲಿ 50 ಎಂಎಂ ಎಫ್/1.8ರ ಸ್ಪಷ್ಟ ಆಳ ಆರು ಸೆಂಟಿಮೀಟರ್ ಚಿಲ್ಲರೆ. ಅದರಲ್ಲಿ ಅರ್ಧ ಬಾಸಿಂಗದ ಮುಂದೆಯೇ ವ್ಯರ್ಥವಾದರೆ ಕಣ್ಣಿಗೆ ಉಳಿಯುವುದು ಏನೂ ಇಲ್ಲ. ಒಂದೇ ಪಾಯಿಂಟ್ ಇಟ್ಟು ಅದನ್ನು ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲೆ ಕೂರಿಸಿ. ನಡುವಿನ ಪಾಯಿಂಟಿನಲ್ಲಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ಓರೆ ಮಾಡುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಗಂಡು ಹೆಣ್ಣು ಇಬ್ಬರೂ ಸ್ಪಷ್ಟ ಬೇಕೆಂದರೆ ಎಫ್/4ಕ್ಕೆ ಹೋಗಿ. ಎರಡು ಮೀಟರಿನಲ್ಲಿ 25 ಸೆಂ.ಮೀ. ಆಳ ಸಿಗುತ್ತದೆ.

ಬಿಳಿ ಪಂಚೆಯ ಅಂಚಿಗೆ, ಬಿಸಿಲಲ್ಲಿ ಹೊಳೆಯುವ ಸ್ಟೀಲ್ ಕೊಡದ ಕಂಠಕ್ಕೆ ನೇರಳೆ ಗೆರೆ ಬರುವುದು ಅಗ್ಗದ ಪ್ರೈಮ್‌ಗಳ ಜಾಯಮಾನ. ಎಫ್/2.8ಕ್ಕೆ ಇಳಿಸಿದರೆ ಬಹುಮಟ್ಟಿಗೆ ಹೋಗುತ್ತದೆ.

ಎಲ್ಇಡಿ ದೀಪದ ಕೆಳಗೆ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಲೆನ್ಸನ್ನು ಬೈಯಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಎಫ್/1.8 ಸಿಕ್ಕ ಖುಷಿಗೆ ಶಟರ್ 1/500ಕ್ಕೆ ಏರಿಸಿದಾಗ ಆ ಮಿನುಗು ಸಿಕ್ಕಿಬೀಳುತ್ತದೆ. 1/100 ಇಟ್ಟರೆ ಪಟ್ಟೆ ಮಾಯ. ಓಡಾಡುವ ಮಗುವಿಗೆ 1/250 ಬೇಕು ಎಂಬುದೂ ನಿಜ, ಅಂಥ ಕಡೆ ಮಗುವನ್ನು ಕಿಟಕಿ ಪಕ್ಕಕ್ಕೆ ಕರೆಯುವುದೇ ಸುಲಭ. ಕೂತವರನ್ನು ತೆಗೆಯುವಾಗಲೂ 50 ಎಂಎಂನಲ್ಲಿ 1/80ಕ್ಕಿಂತ ಕೆಳಗೆ ಇಳಿಯಬೇಡಿ, ಕೈ ಅಲುಗಿದ್ದು ಕಾಣುತ್ತದೆ.

ಮಳೆಗಾಲಕ್ಕೆ ಲೆನ್ಸನ್ನು ಚರ್ಮದ ಚೀಲದಿಂದ ಹೊರತೆಗೆದು, ಬಿಗಿ ಮುಚ್ಚಳದ ಹಪ್ಪಳದ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬಣ್ಣ ಬದಲಿಸುವ ಜಾತಿಯ ಜೆಲ್ ಆದರೆ ಬಣ್ಣ ತಿರುಗಿದ ದಿನ ಹೊಸ ಪೊಟ್ಟಣ ಹಾಕಿ. ಡಬ್ಬ ಮಾತ್ರ ಅಡುಗೆಮನೆಯಲ್ಲಿ ಬೇಡ, ಎಣ್ಣೆ ಹಬೆಗೆ ಗಾಜು ಮಬ್ಬಾಗುತ್ತದೆ.