ಇಸ್ಪೀಟೆಲೆಯ ಬೆನ್ನು ಹತ್ತಿ

ನಮ್ಮ ಶಿರಸಿ ಸೀಮೆಯಲ್ಲಿ ಮದುವೆ, ಉಪನಯನದ ಹಿಂದಿನ ರಾತ್ರಿ ಜಗಲಿಯ ಮೇಲೆ ಇಸ್ಪೀಟು ಮಂಡಲ ಬೀಳುತ್ತದೆ. ಚಿಕ್ಕವನಿದ್ದಾಗ ನನ್ನನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಎದುರಿಗೆ ಕೂತು ನೋಡುತ್ತಿದ್ದೆ. ಹಾಗಾಗಿ ರಾಜ, ರಾಣಿ, ಗುಲಾಮರಿಗಿಂತ ಮೊದಲು ನನಗೆ ಪರಿಚಯವಾದದ್ದು ಎಲೆಗಳ ಬೆನ್ನು. ಬಲೆ, ಬಳ್ಳಿ, ಹೂವು, ಗಾಲಿ. ಇವತ್ತಿಗೂ ಹಳೆಯ ಕಟ್ಟು ಸಿಕ್ಕರೆ ಮಗುಚಿ ಹಾಕಿಯೇ ನೋಡುವುದು.

ಸಂಗ್ರಹ ಶುರುವಾದದ್ದು ಹುಲೇಕಲ್ ಕಡೆಯ ಅತ್ತೆಯ ಮನೆಯಲ್ಲಿ. ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಇಸ್ಪೀಟು. ಅತ್ತೆ, ‘ಎಂತಕ್ಕೋ ತಮಾ ಅದು? ಮೂರು ಎಲೆ ಇಲ್ಲೆ’ ಅಂದರು. ಇಸ್ಪೀಟ್ ಎಕ್ಕದ ಮೇಲೆ ‘ಗ್ರೇಟ್ ಮೊಗಲ್’, ಕೆಳಗೆ ಸಣ್ಣ ಅಕ್ಷರದಲ್ಲಿ ಬೆಲ್ಜಿಯಂ ಎಂದಿತ್ತು. ಬೆಲ್ಜಿಯಂನ ಟರ್ನ್‌ಹೌಟ್ ಊರಿನ ಮುದ್ರಣಾಲಯಗಳು ಭಾರತಕ್ಕೆಂದೇ ಈ ಹೆಸರಿನಲ್ಲಿ ಎಲೆಗಳನ್ನು ಅಚ್ಚು ಹಾಕಿ ಕಳಿಸುತ್ತಿದ್ದವು ಎಂದು ತಿಳಿದದ್ದು ಆಮೇಲೆ. ಹೊಗೆ ಹಿಡಿದು ಕಂದಾಗಿತ್ತು, ಆದರೆ ಬೂಸಲು ಒಂದಿಷ್ಟೂ ಇರಲಿಲ್ಲ.

ಅದರಲ್ಲೊಂದು ಎಲೆ ನನ್ನನ್ನು ಹಿಡಿದು ನಿಲ್ಲಿಸಿತು. ಕಳೆದುಹೋದ ಮೂರರಲ್ಲಿ ಒಂದಾದ ಕಳಾವರ್ ಏಳನ್ನು ಯಾರೋ ದಪ್ಪ ಕಾಗದದಿಂದ ಕತ್ತರಿಸಿ, ಕರಿ ಶಾಯಿಯಲ್ಲಿ ಬರೆದಿದ್ದರು. ಬೆನ್ನಿಗೂ ಕೆಂಪು ಶಾಯಿಯಲ್ಲಿ ಗೆರೆ ಗೆರೆ ಎಳೆದು ಬಲೆಯ ಚಿತ್ತಾರ ತುಂಬಿದ್ದರು. ಎಷ್ಟು ಹೊತ್ತು ಕೂತು ಬರೆದರೋ! ಆದರೂ ಹಿಂದಿನಿಂದ ನೋಡಿದವರಿಗೆ ಅದು ಏಳೇ ಎಂದು ತಕ್ಷಣ ಗೊತ್ತಾಗುತ್ತದೆ.

ಬೆನ್ನಿನ ಕಷ್ಟ ಇರುವುದೇ ಇಲ್ಲಿ. ಮುಖ ಒಂದೊಂದೂ ಬೇರೆ, ಬೆನ್ನು ಮಾತ್ರ ಐವತ್ತೆರಡೂ ಒಂದೇ ಆಗಬೇಕು. ಕೈಯಲ್ಲಿ ಅದು ಆಗದ ಮಾತು. ಗೋವಾದ ಆಚೆ ಸಾವಂತವಾಡಿಯಲ್ಲಿ ಕೈಯಲ್ಲೇ ಬರೆದು ಮಾಡುವ ಗಂಜೀಫಾ ಎಂಬ ಇಸ್ಪೀಟು ನೋಡಿ. ದಶಾವತಾರದ ಕಟ್ಟಿನಲ್ಲಿ 120 ದುಂಡನೆಯ ಎಲೆಗಳು, ಅವತಾರಕ್ಕೆ ಹನ್ನೆರಡರಂತೆ. ಮುಖದ ಮೇಲೆ ಅಷ್ಟು ಕುಸುರಿ ಮಾಡುವ ಕೈ, ಬೆನ್ನಿಗೆ ಒಂದೇ ಬಣ್ಣ ಬಳಿದು ಬಿಡುತ್ತದೆ. ಯುರೋಪಿನಲ್ಲೂ ಬಹುಕಾಲ ಬೆನ್ನು ಬರೀ ಬಿಳಿ. ಲಂಡನ್ನಿನ ಮುದ್ರಕ ಥಾಮಸ್ ಡಿ ಲಾ ರೂ 1831ರಲ್ಲಿ ಬಣ್ಣದ ಅಚ್ಚಿಗೆ ಪೇಟೆಂಟ್ ಪಡೆದ ಮೇಲೆ ಇಂಗ್ಲೆಂಡಿನಲ್ಲಿ ಬೆನ್ನಿಗೂ ಚಿತ್ತಾರ ಬಂತು. ಅವರಿಗಾಗಿ ಓವೆನ್ ಜೋನ್ಸ್ ಎಂಬ ವಾಸ್ತುಶಿಲ್ಪಿ ಬಿಡಿಸಿದ ಬೆನ್ನುಗಳು ನನ್ನ ಮಟ್ಟಿಗೆ ಇಂದಿಗೂ ಎಲ್ಲಕ್ಕಿಂತ ಚೆಂದ. ಅಮೆರಿಕದ ಬೈಸಿಕಲ್ ಇಸ್ಪೀಟಿನ ಸೈಕಲ್ ಸವಾರನ ಬೆನ್ನು 1887ರದು, ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ಕಾಲ ಗುರುತಿಸಲು ನಾನು ಮೊದಲು ನೋಡುವುದು ಇಸ್ಪೀಟ್ ಎಕ್ಕ. ಇಂಗ್ಲೆಂಡಿನಲ್ಲಿ ಇಸ್ಪೀಟಿಗೆ ತೆರಿಗೆ ಇತ್ತು, 1862ರ ತನಕ ತೆರಿಗೆ ಕಟ್ಟಿದ ಗುರುತಿಗೆ ಸರ್ಕಾರವೇ ಆ ಎಕ್ಕವನ್ನು ಅಚ್ಚು ಹಾಕಿಸುತ್ತಿತ್ತು. ಆ ಎಲೆಗೆ ಇಂದಿಗೂ ಅಷ್ಟು ಸಿಂಗಾರ ಉಳಿದಿರುವುದು ಅದರಿಂದ. ತೆರಿಗೆ ಹೋದದ್ದು 1960ರಲ್ಲಿ. ಅಮೆರಿಕದ ಕಟ್ಟಾದರೆ ಪೊಟ್ಟಣದ ಮೇಲೆ ತೆರಿಗೆ ಚೀಟಿ ಹುಡುಕಬೇಕು. ಇದ್ದರೆ ಅದು 1965 ಅಥವಾ ಅದಕ್ಕಿಂತ ಹಿಂದಿನದು. ಪೊಟ್ಟಣ ಎಸೆಯಬೇಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ.

ಒಳ್ಳೆಯ ಬೇಟೆ ಆದದ್ದು ದೇವಿಮನೆ ಘಟ್ಟ ಇಳಿದ ಮೇಲೆ. ಕಾರವಾರದ ಕೋಡಿಬಾಗ, ಸದಾಶಿವಗಡದ ಕಡೆ ಹಡಗಿನಲ್ಲಿ ದುಡಿದು ಬಂದವರ ಮನೆಗಳಿವೆ. ಬಂದರಿಗೊಂದು ಕಟ್ಟು ತಂದಿಟ್ಟುಕೊಂಡವರೊಬ್ಬರನ್ನು ನಾನು ಕಾಕಾ ಎಂದೇ ಕರೆಯುವುದು. ಹಡಗು ಕಂಪನಿಗಳ, ವಿಮಾನ ಕಂಪನಿಗಳ ಕಟ್ಟುಗಳು ಅವರ ಕಪಾಟಿನಲ್ಲಿದ್ದವು. ಅವುಗಳಲ್ಲಿ ಬಹಳಷ್ಟು ಹೊಸದರಂತೆ ಇದ್ದುದು ಯಾಕೆಂದು ಅವರೇ ತೋರಿಸಿದರು. ಬೆನ್ನಿನ ಮೇಲೆ ಹಡಗಿನ ಚಿತ್ರವಿದ್ದರೆ ಅದಕ್ಕೆ ಮೇಲೆ, ಕೆಳಗೆ ಎಂದಿರುತ್ತದೆ. ಒಂದು ಎಲೆ ತಲೆಕೆಳಗಾದರೂ ಗುರುತು ಸಿಕ್ಕಿಬಿಡುತ್ತದೆ. ಹಾಗಾಗಿ ಆಡುವವರು ಅದನ್ನು ಮುಟ್ಟುವುದಿಲ್ಲ. ಸೈಕಲ್ ಸವಾರನನ್ನು ಯಾವ ಕಡೆಯಿಂದ ಹಿಡಿದರೂ ಒಂದೇ.

ಕಾಪಾಡುವುದರಲ್ಲಿ ನಾನು ಏಟು ತಿಂದೇ ಕಲಿತದ್ದು. ಮಳೆಗಾಲದಲ್ಲಿ ಅಂಟಿಕೊಂಡ ಒಂದು ಕಟ್ಟನ್ನು ಬಿಡಿಸಲು ಪಾತ್ರೆಯ ಹಬೆಗೆ ಹಿಡಿದೆ. ಎಲೆಗಳು ಬಿಟ್ಟುಕೊಂಡವು, ಜೊತೆಗೆ ನೀಲಿ ಬಣ್ಣವೂ ಬಿಟ್ಟುಕೊಂಡಿತು. ಹದಿನಾಲ್ಕು ಎಲೆ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ. ಈಗ ಅಂಥದ್ದು ಸಿಕ್ಕರೆ ಬೇಸಿಗೆಯ ತನಕ ಮುಟ್ಟುವುದೇ ಇಲ್ಲ, ಒಣಗಿದ ಮೇಲೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಒಂದೊಂದಾಗಿ ಬಿಡಿಸುತ್ತೇನೆ. ಇಸ್ಪೀಟೆಲೆ ಎಂದರೆ ಕಾಗದಗಳ ನಡುವೆ ಅಂಟು ಬಳಿದು ಒತ್ತಿದ್ದು. ಹುಳಕ್ಕೆ ಬೇಕಾದದ್ದೂ ಆ ಅಂಟೇ. ರಬ್ಬರ್ ಬ್ಯಾಂಡ್ ಹಾಕಬಾರದು, ಕರಗಿ ಕಲೆ ಕೂರುತ್ತದೆ, ಅಂಚೂ ಕೊಯ್ಯುತ್ತದೆ. ಪಿವಿಸಿ ಚೀಲ ಬೇಡ, ಪಾಲಿಪ್ರೊಪಿಲೀನ್ ಆಗಬಹುದು. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಆಗಾಗ ಅದನ್ನು ಬಿಸಿ ಮಾಡಿ ಒಣಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಯಾರು ಕೇಳಿದರೂ ಡಬ್ಬಿ ತೆರೆಯುವುದಿಲ್ಲ.

ಅತ್ತೆಯ ಮನೆಯ ಕಟ್ಟಿಗೆ ಇನ್ನೂ ಎರಡು ಎಲೆ ಬೇಕು, ಆಟೀನ್ ರಾಣಿ ಮತ್ತು ಡೈಮಂಡ್ ಮೂರು. ಅಚ್ಚಾದ ಕಳಾವರ್ ಏಳು ಸಿಕ್ಕರೂ ಬರೆದ ಏಳನ್ನು ತೆಗೆಯುವುದಿಲ್ಲ. ಸಿದ್ದಾಪುರ, ಯಲ್ಲಾಪುರದ ಕಡೆ ಯಾರದ್ದಾದರೂ ಅಟ್ಟದಲ್ಲಿ ಕೆಂಪು ಬಲೆಯ ಬೆನ್ನಿನ ಗ್ರೇಟ್ ಮೊಗಲ್ ಇದ್ದರೆ, ಹತ್ತೇ ಎಲೆ ಉಳಿದಿದ್ದರೂ ಬಚ್ಚಲೊಲೆಗೆ ಹಾಕಬೇಡಿ.