ಪ್ಲೇನ್ ಬಟ್ಟೆಗೆ ಮರೆ ಇಲ್ಲ

ದೊಡ್ಡ ಹೂವಿನ ಪ್ರಿಂಟು, ಅಗಲ ಚೆಕ್ಸು, ದೂರದಿಂದಲೇ ಕಣ್ಣಿಗೆ ಹೊಡೆಯುವ ಪಟ್ಟೆ ಯಾವುದೂ ನನ್ನ ಕಪಾಟಿನಲ್ಲಿಲ್ಲ. ಅಂಗಿ, ಟೀ ಶರ್ಟು, ಪ್ಯಾಂಟು, ಜಾಕೆಟ್ಟು ಎಲ್ಲವೂ ಪ್ಲೇನ್. ಪ್ಲೇನ್ ಆರಿಸುವುದು ಸುಲಭ, ಬಣ್ಣ ಹಿಡಿಸಿದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ನಿಜ ಹೇಳಬೇಕೆಂದರೆ ಆರಿಸುವಾಗ ಅದೇ ಕಷ್ಟದ್ದು. ಡಿಸೈನ್ ಇದ್ದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಹೊಲಿಗೆ ಸೆಳೆದಿರಲಿ, ಭುಜದ ಜೋಡು ಅರ್ಧ ಇಂಚು ಕೆಳಗಿಳಿದಿರಲಿ, ಬಟ್ಟೆ ತೆಳ್ಳಗಿರಲಿ, ಯಾರಿಗೂ ತೋರುವುದಿಲ್ಲ. ಪ್ಲೇನ್ ಬಟ್ಟೆಗೆ ಆ ಮರೆ ಇಲ್ಲ. ಹಾಗಾಗಿ ಬಣ್ಣಕ್ಕಿಂತ ಮೊದಲು ಬಟ್ಟೆ ನೋಡುವುದನ್ನು ಕಲಿಯಬೇಕಾಗುತ್ತದೆ.

ಇಷ್ಟಾದರೂ ಪ್ಲೇನ್ ಯಾಕೆ ಅಂದರೆ, ಮುಖ್ಯವಾಗಿ ಜೋಡಿಯ ಲೆಕ್ಕ. 6 ಅಂಗಿ, 4 ಪ್ಯಾಂಟು ಇದ್ದು ಎಲ್ಲಕ್ಕೂ ಎಲ್ಲವೂ ಹೊಂದಿದರೆ 24 ಜೋಡಿ. ಮೇಲೆ ಹಾಕಿಕೊಳ್ಳಲು 2 ಜಾಕೆಟ್ ಸೇರಿದರೆ, ಜಾಕೆಟ್ ಇಲ್ಲದೆ ತೊಡುವುದನ್ನೂ ಎಣಿಸಿ, 72. ಆ ಆರು ಅಂಗಿಯಲ್ಲಿ ಮೂರು ದೊಡ್ಡ ಡಿಸೈನಿನವಾದರೆ, ಅವು ಒಂದೋ ಎರಡೋ ಪ್ಯಾಂಟಿಗೆ ಅಂಟಿಕೊಂಡು ಕೂರುತ್ತವೆ. ಅದರ ಮೇಲೆ, ಎದ್ದು ಕಾಣುವ ಡಿಸೈನನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಅದೇ ವಾರ ಮತ್ತೆ ಹಾಕಿದರೆ ಗುರುತು ಹಿಡಿಯುತ್ತಾರೆ. ಕಡುನೀಲಿ ಅಂಗಿಯನ್ನು ಯಾರೂ ಲೆಕ್ಕ ಇಡುವುದಿಲ್ಲ.

ಇನ್ನೊಂದು ಕಾರಣ ಬಾಳಿಕೆ. ಎಷ್ಟೋ ಸಲ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ, ಅದರ ಮೇಲಿನ ಪ್ರಿಂಟು ಮಾತ್ರ ಹೋಗಿಬಿಟ್ಟಿರುತ್ತದೆ. ಒಳಮೈ ತಿರುಗಿಸಿ ನೋಡಿ. ಬೆಳ್ಳಗಿದ್ದರೆ ಬಣ್ಣ ಮೇಲ್ಮೈಗಷ್ಟೇ ಹತ್ತಿದೆ ಎಂದರ್ಥ. ಎದೆಯ ಮೇಲಿನ ರಬ್ಬರಿನಂಥ ಪ್ರಿಂಟಂತೂ ಇಸ್ತ್ರಿ ಮತ್ತು ಡ್ರೈಯರ್ ಬಿಸಿಗೆ ಬಿರಿಯುತ್ತದೆ. ನೂಲಿಗೇ ಬಣ್ಣ ಹಾಕಿ ನೇಯ್ದ ಚೆಕ್ಸಿಗೆ ಈ ತೊಂದರೆ ಇಲ್ಲ, ಅದರ ತೊಂದರೆ ಬೇರೆ. ಪಕ್ಕದ ಹೊಲಿಗೆಯಲ್ಲಿ, ಜೇಬಿನಲ್ಲಿ, ಗುಂಡಿಪಟ್ಟಿಯಲ್ಲಿ ಗೆರೆಗೆ ಗೆರೆ ಕೂಡಬೇಕಾದರೆ ಬಟ್ಟೆ ಹೆಚ್ಚು ಬೇಕು, ಕತ್ತರಿಸುವವರಿಗೆ ಪುರುಸೊತ್ತೂ ಬೇಕು. ಅಗ್ಗದ ಸಿದ್ಧ ಉಡುಪಿನಲ್ಲಿ ಎರಡೂ ಇರುವುದಿಲ್ಲ, ಗೆರೆಗಳು ಮುರಿದು ನಿಲ್ಲುತ್ತವೆ.

ಕೊಳ್ಳುವಾಗ ನಾನು ಮೊದಲು ನೋಡುವುದು ತೂಕ. ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದೇ ಜಿಎಸ್‌ಎಂ. ಟೀ ಶರ್ಟಿಗೆ 140ರಿಂದ 160 ಅಂದರೆ ತೆಳು. ಗಾಢ ಬಣ್ಣವಾದರೆ ನಡೆಯುತ್ತದೆ, ಬಿಳಿಯಾದರೆ ಒಳಗಿನದು ಕಾಣುತ್ತದೆ. ಪ್ಲೇನ್ ಟೀ ಶರ್ಟಿಗೆ 180ರಿಂದ 200 ಹದವಾದ ತೂಕ, ಮೈಗೆ ಅಂಟದೆ ಬೀಳುತ್ತದೆ. 220 ದಾಟಿದರೆ ಆಕಾರ ಚೆನ್ನಾಗಿ ನಿಲ್ಲುತ್ತದೆ, ಆದರೆ ಸೆಕೆಗೆ ಆಗಿಬರುವುದಿಲ್ಲ. ನೇಯ್ದ ಅಂಗಿಗೆ 110ರಿಂದ 130 ಸಾಕು, ಪ್ಯಾಂಟಿನ ಟ್ವಿಲ್‌ಗೆ (ಓರೆ ಗೆರೆ ಮೂಡುವ ನೇಯ್ಗೆ) 240ರಿಂದ 280. ಡೆನಿಮ್ ತೂಕವನ್ನು ಔನ್ಸಿನಲ್ಲಿ ಹೇಳುತ್ತಾರೆ. 12 ಔನ್ಸ್ ಅಂದರೆ ಸುಮಾರು 400 ಜಿಎಸ್‌ಎಂ. ಚೀಟಿಯಲ್ಲಿ ತೂಕ ಬರೆದಿರದಿದ್ದರೆ ಒಂದೇ ಪದರದೊಳಗೆ ಕೈ ಇಟ್ಟು ಬೆಳಕಿಗೆ ಹಿಡಿಯಬೇಕು. ಬೆರಳುಗಳ ನಡುವಿನ ಸಂದು ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ತೊಟ್ಟಾಗ ಒಳ ಉಡುಪಿನ ಅಂಚೂ ಕಾಣುತ್ತದೆ. ಬಿಳಿ ಪ್ಯಾಂಟಿನಲ್ಲಿ ಜೇಬಿನ ಚೀಲವನ್ನು ಮರೆಯದೆ ನೋಡಿ. ಚೀಲ ಬಿಳಿಯದಾದರೆ ತೊಡೆಯ ಮೇಲೆ ಎರಡು ಚೌಕ ಮೂಡುತ್ತವೆ. ಮೈಬಣ್ಣಕ್ಕೆ ಹತ್ತಿರದ್ದಾದರೆ ಗೊತ್ತೇ ಆಗುವುದಿಲ್ಲ. ಬಿಳಿ ಅಂಗಿಯ ಒಳಗೆ ಬಿಳಿ ಬನಿಯನ್ ಎದ್ದು ಕಾಣುವುದೂ ಇದೇ ಕಾರಣಕ್ಕೆ.

ಆಮೇಲೆ ಹೊಲಿಗೆ. ಅಂಗಿಯನ್ನು ಮೇಜಿನ ಮೇಲೆ ಹರಡಿ ಗುಂಡಿಪಟ್ಟಿ, ಕಾಲರ್ ಅಂಚು, ತೋಳಿನ ಜೋಡು ಈ ಮೂರು ಕಡೆ ಓರೆಯಾಗಿ ನೋಡಿ. ಪುಟ್ಟ ಪುಟ್ಟ ಅಲೆ ಎದ್ದಿದ್ದರೆ ದಾರವನ್ನು ಬಿಗಿಯಾಗಿ ಎಳೆದು ಹೊಲಿದಿದ್ದಾರೆ. ಇಸ್ತ್ರಿ ಅದನ್ನು ಆ ಹೊತ್ತಿಗೆ ಕೂರಿಸುತ್ತದೆ, ಒಗೆದ ಮೇಲೆ ಮತ್ತೆ ಏಳುತ್ತದೆ. ಇಂಚಿಗೆ 12ರಿಂದ 14 ಹೊಲಿಗೆ ಇದ್ದರೆ ನಿತ್ಯದ ಅಂಗಿಗೆ ಸಾಕು, 8–9 ಇದ್ದರೆ ಬಿಟ್ಟುಬಿಡಿ. ಟೀ ಶರ್ಟಿನಲ್ಲಿ ಪಕ್ಕದ ಹೊಲಿಗೆ ಕಂಕುಳಿನಿಂದ ಕೆಳ ಅಂಚಿನವರೆಗೆ ನೆಟ್ಟಗೆ ಇಳಿದಿದೆಯೇ ನೋಡಿ. ಒಂದೇ ಪದರದ ಹೆಣಿಗೆ ಒಗೆದ ಮೇಲೆ ತಿರುಚಿಕೊಳ್ಳುವ ಜಾತಿಯದು. ಹೊಸದರಲ್ಲೇ ಓರೆ ಇದ್ದರೆ ಆಮೇಲೆ ಆ ಹೊಲಿಗೆ ಹೊಟ್ಟೆಯ ಮೇಲಕ್ಕೆ ಬರುತ್ತದೆ. ಹತ್ತಿ ಬಟ್ಟೆ ನೂರಕ್ಕೆ 3ರಿಂದ 5ರಷ್ಟು ಕುಗ್ಗಬಹುದು. 70 ಸೆಂಟಿಮೀಟರ್ ಉದ್ದದ ಅಂಗಿಯಲ್ಲಿ ಅದು 2ರಿಂದ 3.5 ಸೆಂಟಿಮೀಟರ್ ಆಯಿತು. ಸರಿಯಾಗಿ ಸೊಂಟಕ್ಕೆ ಬರುವ ಅಂಗಿ ಕೊಂಡರೆ ಗಿಡ್ಡವಾಗುತ್ತದೆ.

ಇನ್ನು ಬಣ್ಣ. ಪ್ಲೇನ್ ಬಟ್ಟೆ ತೊಡುವವರು ಸೋಲುವುದು ಹೆಚ್ಚಾಗಿ ಇಲ್ಲೇ. ಗಾಢ ಬಣ್ಣ ಕಣ್ಣಿಗೆ ಹೊಡೆಯುವುದರಿಂದ ಅಲ್ಲ, ಎರಡು ಬಣ್ಣ ತೀರಾ ಹತ್ತಿರ ಬಂದು ಒಂದೂ ಆಗದೆ, ಬೇರೆಯೂ ಆಗದೆ ನಿಲ್ಲುವುದರಿಂದ. ಕಡುನೀಲಿ ಅಂಗಿಗೆ ಸ್ವಲ್ಪವೇ ಬೇರೆಯಾದ ಕಡುನೀಲಿ ಪ್ಯಾಂಟು ಹಾಕಿದರೆ ಸೂಟು ಹೊಂದಿಸಲು ಹೋಗಿ ಆಗದವರ ಹಾಗೆ ಕಾಣುತ್ತದೆ. ಬಿಳಿಯ ಪಕ್ಕ ಕೆನೆಬಣ್ಣ ಬಂದರೆ ಕೆನೆ ಮಾಸಿದ ಬಿಳಿಯಾಗುತ್ತದೆ. ಎರಡು ಬಣ್ಣ ಒಂದೇ ಜಾತಿಯವಾದರೆ ನಡುವೆ ಕನಿಷ್ಠ ಎರಡು ಮೆಟ್ಟಿಲಿನ ಅಂತರ ಇರಬೇಕು: ಕಡುನೀಲಿಗೆ ಆಕಾಶನೀಲಿ, ಇದ್ದಿಲು ಬೂದಿಗೆ ತಿಳಿಬೂದು.

ಇದನ್ನು ಪರೀಕ್ಷಿಸಲು ಮೊಬೈಲ್ ಒಂದು ಸಾಕು. ಅಂಗಿ, ಪ್ಯಾಂಟುಗಳನ್ನೆಲ್ಲ ಹಾಸಿಗೆಯ ಮೇಲೆ ಅಕ್ಕಪಕ್ಕ ಹರಡಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಬೇಕು. ಬಣ್ಣ ಕಳೆದು ಬರೀ ಗಾಢತೆ ಉಳಿಯುತ್ತದೆ. ಆಲಿವ್ ಅಂಗಿ, ಮೆರೂನ್ ಸ್ವೆಟರ್, ನಡುಬೂದು ಪ್ಯಾಂಟು ಕಣ್ಣಿಗೆ ಮೂರು ಬೇರೆ ಬಣ್ಣ. ಫೋಟೊದಲ್ಲಿ ಮೂರೂ ಒಂದೇ ಬೂದಾಗಿ ಬರುವುದುಂಟು. ಅವನ್ನು ಒಟ್ಟಿಗೆ ತೊಟ್ಟರೆ ಯಾಕೋ ಮಂಕು ಅನ್ನಿಸುವುದು ಇದಕ್ಕೇ. ಹೊಸದು ಕೊಳ್ಳುವಾಗ ಈ ಫೋಟೊದಲ್ಲಿ ಯಾವ ಗಾಢತೆ ಇಲ್ಲವೋ ಅದನ್ನು ಹುಡುಕುತ್ತೇನೆ. ಎಷ್ಟೋ ಕಪಾಟುಗಳಲ್ಲಿ ಗಾಢವೂ ಇರುತ್ತದೆ, ಬಿಳಿಯೂ ಇರುತ್ತದೆ, ನಡುವಿನದು ಇರುವುದಿಲ್ಲ. ಸೊಂಟದಲ್ಲಿ ಬಿಳಿ-ಕಪ್ಪು ಸೇರಿದರೆ ಮೈ ಎರಡು ತುಂಡಾಗಿ, ಗಿಡ್ಡವಾಗಿ ಕಾಣುತ್ತದೆ ಎಂಬುದೂ ಗಮನದಲ್ಲಿರಲಿ. ಉದ್ದ ಕಾಣಬೇಕಿದ್ದವರು ಮೇಲೂ ಕೆಳಗೂ ಹತ್ತಿರದ ಗಾಢತೆ ಇಟ್ಟು ಬಣ್ಣವನ್ನೂ ನೇಯ್ಗೆಯನ್ನೂ ಬೇರೆ ಮಾಡಿಕೊಳ್ಳಬೇಕು.

ತಳಬಣ್ಣ ಮೂರಕ್ಕಿಂತ ಹೆಚ್ಚು ಬೇಡ. ನನ್ನವು ಕಡುನೀಲಿ, ನಡುಬೂದು, ಮರಳುಬಣ್ಣ. ಪ್ಯಾಂಟು, ಜಾಕೆಟ್ ಇವುಗಳಲ್ಲೇ. ಅಂಗಿಗೆ ಬಿಳಿ, ತಿಳಿನೀಲಿ, ಜೊತೆಗೆ ಮೆರೂನ್ ಅಥವಾ ಆಲಿವ್‌ನಂಥ ಒಂದು ಬಣ್ಣ. ಕಪ್ಪನ್ನು ಬೇಕೆಂದೇ ಬಿಟ್ಟಿದ್ದೇನೆ. ಒಗೆದ ಮೇಲೆ ಒಂದು ಕಪ್ಪು ಕೆಂಪಿಗೆ ತಿರುಗುತ್ತದೆ, ಇನ್ನೊಂದು ಹಸಿರಿಗೆ, ಮತ್ತೊಂದು ಬೂದಿಗೆ. ಮೂರು ಕಪ್ಪು ಬಟ್ಟೆ ಒಂದೇ ಕಪ್ಪಾಗಿ ಉಳಿಯುವುದು ಅಪರೂಪ. ಧೂಳು, ನೂಲಿನ ಎಳೆ, ಕಂಕುಳಿಗೆ ಹಚ್ಚಿದ ಡಿಯೋಡರೆಂಟಿನ ಬಿಳಿ ಗುರುತು ಎಲ್ಲವೂ ಅದರ ಮೇಲೆ ಕಾಣುತ್ತವೆ. ಬೆವರುವವರು ತಿಳಿಬೂದಿನ ಟೀ ಶರ್ಟಿನಿಂದ ದೂರ ಇರಿ, ಒದ್ದೆ ಅತಿ ಹೆಚ್ಚು ಕಾಣುವುದು ಅದರಲ್ಲೇ. ಬಿಳಿ, ಕಡುನೀಲಿ ವಾಸಿ.

ಅಂಗಡಿಯ ಬೆಳಕನ್ನು ನಂಬಬೇಡಿ. ಎರಡು ಬಟ್ಟೆಗೆ ಬೇರೆ ಬೇರೆ ಬಣ್ಣದ ಮಿಶ್ರಣ ಬಳಸಿದ್ದರೆ ಒಂದು ದೀಪದಡಿ ಅವು ಒಂದೇ ಥರ ಕಂಡು, ಹಗಲ ಬೆಳಕಿನಲ್ಲಿ ಬೇರೆಯಾಗುತ್ತವೆ. ಬಣ್ಣ ಹೊಂದಿಸಬೇಕಾದ ಬಟ್ಟೆಯನ್ನು ಜೊತೆಗೆ ಒಯ್ದು, ಕಿಟಕಿಯ ಹತ್ತಿರ ಒಂದರ ಮೇಲೊಂದು ಇಟ್ಟು ನೋಡಬೇಕು. ದೂರ ದೂರ ಇಟ್ಟರೆ ಕಣ್ಣು ಮೋಸ ಹೋಗುತ್ತದೆ.

ಬಣ್ಣ ಬಿಡುವುದನ್ನೂ ಅಲ್ಲೇ ನೋಡಬಹುದು. ಬಿಳಿ ಕರವಸ್ತ್ರದ ತುದಿ ಒದ್ದೆ ಮಾಡಿ ಒಳಭಾಗದ ಹೊಲಿಗೆಯಂಚಿನ ಮೇಲೆ ಹತ್ತು ಸಲ ಉಜ್ಜಿ. ತುಸು ಬಣ್ಣ ಬಂದರೆ ಮೊದಲ ಒಗೆತ ಬೇರೆಯಾಗಿ ಮಾಡಿದರಾಯಿತು. ಧಾರಾಳ ಬಂದರೆ ಆ ಬಟ್ಟೆ ಬೇಡ. ಪ್ರಯೋಗಾಲಯದಲ್ಲಿ ಒಗೆತ, ಉಜ್ಜುವಿಕೆಗೆ 1ರಿಂದ 5ರ ದರ್ಜೆ ಕೊಡುತ್ತಾರೆ, ಬಿಸಿಲಿಗೆ 1ರಿಂದ 8. ಬಟ್ಟೆ ಸಗಟಾಗಿ ಕೊಳ್ಳುವವರು ಒಗೆತಕ್ಕೆ 4ಕ್ಕೆ ಕಡಿಮೆ ಇದ್ದರೆ ಒಪ್ಪಬಾರದು. ಡೆನಿಮ್ ಮಾತ್ರ ಕರವಸ್ತ್ರದ ಪರೀಕ್ಷೆಯಲ್ಲಿ ಸೋಲುತ್ತದೆ, ಅದು ಅದರ ಗುಣ. ನೀಲಿ ನೂಲಿನ ಹೊರಗಷ್ಟೇ ಕೂತಿರುತ್ತದೆ, ತಿರುಳು ಬೆಳ್ಳಗೇ ಇರುತ್ತದೆ. ಹೊಸ ಡೆನಿಮ್ ಮೇಲೆ ಬಿಳಿ ಅಂಗಿ ಇಳಿಬಿಟ್ಟರೆ ಅಂಗಿಯ ಅಂಚು ನೀಲಿಯಾಗುತ್ತದೆ.

ಪ್ಲೇನ್ ಅಂದರೆ ಸಪ್ಪೆ ಎನ್ನುವವರು ನೇಯ್ಗೆಯನ್ನು ಗಮನಿಸಿರುವುದಿಲ್ಲ. ಒಂದೇ ಬಿಳಿಯಲ್ಲಿ ಪಾಪ್ಲಿನ್ ನುಣುಪು, ಆಕ್ಸ್‌ಫರ್ಡ್ ಹರಳು ಹರಳು, ಲಿನನ್ ಅಲ್ಲಲ್ಲಿ ದಪ್ಪ ಎಳೆ, ಪೀಕೆ ಜೇನುಗೂಡಿನಂಥ ಗುಳಿ. ಬೆಳಕು ಒಂದೊಂದರ ಮೇಲೂ ಒಂದೊಂದು ಥರ ಬೀಳುತ್ತದೆ. ನುಣುಪು ಪಾಪ್ಲಿನ್ನಿಗೆ ಕಾರ್ಡುರಾಯ್ ಪ್ಯಾಂಟು, ನುಣುಪು ಉಣ್ಣೆಯ ಪ್ಯಾಂಟಿಗೆ ದಪ್ಪ ಹೆಣಿಗೆಯ ಸ್ವೆಟರ್ ಹೀಗೆ ಒಂದು ಒರಟು, ಒಂದು ನುಣುಪು ಸೇರಿಸಿದರೆ ಡಿಸೈನಿನ ಕೊರತೆ ಕಾಣುವುದಿಲ್ಲ. ಇನ್ನೊಂದು ಲಾಭ, ಒರಟು ನೇಯ್ಗೆಯಲ್ಲಿ ಸುಕ್ಕು, ಸಣ್ಣ ಕಲೆ ಎರಡೂ ಮರೆಯಾಗುತ್ತವೆ. ಪಾಲಿಯೆಸ್ಟರ್-ಹತ್ತಿ ಮಿಶ್ರಣದ ನುಣುಪು ಬಟ್ಟೆಯಲ್ಲಿ ಮಾತ್ರ ಎಚ್ಚರ. ತಿಕ್ಕಾಟಕ್ಕೆ ಬಟ್ಟೆಯ ಮೇಲೆ ಎಳೆಗಳ ಪುಟ್ಟ ಗಂಟು ಏಳುತ್ತವೆ. ಹತ್ತಿಯ ಗಂಟು ತಾನೇ ಉದುರಿಹೋಗುತ್ತದೆ, ಪಾಲಿಯೆಸ್ಟರ್ ಎಳೆ ಗಟ್ಟಿಯಾದ್ದರಿಂದ ಗಂಟನ್ನು ಹಿಡಿದೇ ಇರುತ್ತದೆ. ಕಡು ಬಣ್ಣದ ಮೇಲೆ ಅದು ಅಸಹ್ಯ.

ಒಗೆಯುವಾಗ ಒಳಮೈ ಹೊರಗೆ ಮಾಡಿ, ಗುಂಡಿ ಹಾಕಿ, 30 ಡಿಗ್ರಿ ನೀರು, ಯಂತ್ರದ ಮುಕ್ಕಾಲು ಭಾಗ ಮಾತ್ರ. ಕಡು ಬಣ್ಣಕ್ಕೆ ದ್ರವ ಸೋಪು. ಪುಡಿ ಪೂರ್ತಿ ಕರಗದೆ ಬಿಳಿ ಗೆರೆ ಉಳಿಯುತ್ತದೆ. ಕೆನೆಬಣ್ಣ, ಮರಳುಬಣ್ಣಕ್ಕೆ ಬೇರೆಯೇ ಅಪಾಯ ಇದೆ. ಬಿಳುಪು ಹೆಚ್ಚಿಸುತ್ತೇವೆ ಎನ್ನುವ ಸೋಪುಗಳಲ್ಲಿ ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊಮ್ಮಿಸುವ ಪದಾರ್ಥ ಇರುತ್ತದೆ. ಅದು ಹತ್ತಿಗೆ ಹತ್ತಿಕೊಂಡು ಕೆನೆಯ ಬೆಚ್ಚನೆ ಬಣ್ಣವನ್ನು ಕೊಂದು ತಣ್ಣನೆಯ ಬಿಳಿ ಮಾಡುತ್ತದೆ. ಒಣ ಬಟ್ಟೆಯ ಮೇಲೆ ಪುಡಿ ನೇರವಾಗಿ ಬಿದ್ದರೆ ಮಚ್ಚೆ ಮಚ್ಚೆಯಾಗಿ ಹತ್ತುತ್ತದೆ. ಆ ಪದಾರ್ಥ ಇಲ್ಲದ ಸೋಪನ್ನೇ ಈ ಬಣ್ಣಗಳಿಗೆ ಮೀಸಲಿಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ಬಿಟ್ಟುಬಿಡಿ. ಉಪ್ಪಿನ ಕೆಲಸ ಬಣ್ಣ ಹಾಕುವ ತೊಟ್ಟಿಯಲ್ಲೇ ಮುಗಿದಿರುತ್ತದೆ.

ಬಿಳಿಯ ಕಂಕುಳು ಹಳದಿಯಾದರೆ ಕ್ಲೋರಿನ್ ಬ್ಲೀಚ್ ಬೇಡ, ಹಳದಿ ಇನ್ನೂ ಗಾಢವಾಗುತ್ತದೆ. ಹಿಗ್ಗುವ ಸ್ಪ್ಯಾಂಡೆಕ್ಸ್ ಎಳೆ ಇದ್ದರೆ ಅದರ ಹಿಗ್ಗುವ ಗುಣವೂ ಹೋಗುತ್ತದೆ. ಕ್ಲೋರಿನ್ ಇಲ್ಲದ ಬ್ಲೀಚ್ ಪುಡಿಯಾದ ಸೋಡಿಯಂ ಪರ್‌ಕಾರ್ಬೊನೇಟನ್ನು 40 ಡಿಗ್ರಿ ನೀರಿನಲ್ಲಿ ಕರಗಿಸಿ ಕೆಲವು ಗಂಟೆ ನೆನೆಸಿದರೆ ಬಿಡುತ್ತದೆ. ಕಲೆ ಬಿದ್ದ ಜಾಗವನ್ನಷ್ಟೇ ಉಜ್ಜಿ ತೊಳೆದರೆ ಪ್ಲೇನ್ ಬಟ್ಟೆಯಲ್ಲಿ ಕಲೆ ಹೋಗಿ ಅಲ್ಲೊಂದು ತಿಳಿಯ ವೃತ್ತ ಉಳಿಯುತ್ತದೆ. ಕಲೆಗೆ ಮದ್ದು ಹಾಕಿದ ಮೇಲೆ ಇಡೀ ಬಟ್ಟೆಯನ್ನೇ ಒಗೆಯಬೇಕು. ಕಡು ಬಣ್ಣದ ಇಸ್ತ್ರಿ ಒಳಮೈಯಿಂದ; ಹೊರಗಿಂದ ಒತ್ತಿದರೆ ಹೊಲಿಗೆಯ ಉಬ್ಬಿನ ಮೇಲೆ ಹೊಳಪು ಕೂರುತ್ತದೆ, ಅದು ಹೋಗುವುದು ಕಷ್ಟ.

ಹರಿದರೆ ಒಪ್ಪಿಕೊಳ್ಳಬೇಕಾದ ಮಾತು: ಪ್ಲೇನ್ ಬಟ್ಟೆಯ ರಿಪೇರಿ ಡಿಸೈನಿನದ್ದಕ್ಕಿಂತ ಹೆಚ್ಚು ಕಾಣುತ್ತದೆ. ದಾರವನ್ನು ಉಂಡೆಯಲ್ಲಿ ನೋಡಿ ಆರಿಸಬೇಡಿ, ಒಂದೇ ಎಳೆ ಬಿಚ್ಚಿ ಬಟ್ಟೆಯ ಮೇಲಿಟ್ಟು ನೋಡಿ. ಸಮಸಮ ಸಿಗದಿದ್ದರೆ ಒಂದು ಛಾಯೆ ಗಾಢವಾದದ್ದು ತೆಗೆದುಕೊಳ್ಳಿ; ತಿಳಿ ಬಣ್ಣದ್ದು ಎದ್ದು ಕಾಣುತ್ತದೆ. ಮಾಸಿದ ಹತ್ತಿ, ಲಿನನ್ ಬಟ್ಟೆಗೆ ಮತ್ತೆ ಬಣ್ಣ ಹಾಕಿಸಬಹುದು, ಆದರೆ ಹೊಲಿದ ದಾರ ಪಾಲಿಯೆಸ್ಟರ್ ಆಗಿದ್ದರೆ ಅದು ಹಳೆಯ ಬಣ್ಣದಲ್ಲೇ ಉಳಿದು ಪ್ರತಿ ಹೊಲಿಗೆಯೂ ಗೆರೆ ಎಳೆದಂತೆ ಕಾಣುತ್ತದೆ. ಕೆಲವರಿಗೆ ಅದೇ ಚಂದ.

ಡಿಸೈನ್ ಪೂರ್ತಿ ಬೇಡವೇ? ಎಣ್ಣೆ, ಮಣ್ಣು, ಮಕ್ಕಳ ನಡುವೆ ಕೆಲಸ ಮಾಡುವವರಿಗೆ ಸಣ್ಣ ಪ್ರಿಂಟೇ ಮೇಲು, ಕಲೆ ನುಂಗುತ್ತದೆ. ಬಿಳಿಯ ಮೇಲಿನ ತೀರಾ ಸಣ್ಣ ನೀಲಿ ಗೆರೆ ದೂರದಿಂದ ಪ್ಲೇನ್ ಆಗಿಯೇ ಕಾಣುತ್ತದೆ. ಅದನ್ನು ನಾನು ತಿಳಿನೀಲಿ ಎಂದೇ ಲೆಕ್ಕ ಹಾಕುತ್ತೇನೆ. ದೊಡ್ಡ ಡಿಸೈನ್ ಬೇಕೇ ಬೇಕು ಅನ್ನಿಸಿದವರು ಸ್ಕಾರ್ಫೋ ಟೈಯೋ ಕೊಳ್ಳಲಿ, ಅದರಲ್ಲಿರುವ ಬಣ್ಣಗಳಲ್ಲಿ ಒಂದಾದರೂ ತಳಬಣ್ಣ ಆಗಿರಲಿ.

ಚೆನ್ನಾಗಿ ಹೊಂದಿದ ಪ್ಲೇನ್ ಅಂಗಿ ಸಿಕ್ಕರೆ ಎರಡು ಕೊಳ್ಳುವುದು ಒಳ್ಳೆಯದು, ಅದೂ ಒಂದೇ ಸಲ. ಅದೇ ಹೆಸರಿನ ಬಣ್ಣ ಮುಂದಿನ ಲಾಟಿನಲ್ಲಿ ಸ್ವಲ್ಪ ಬೇರೆಯಾಗಿ ಬರುತ್ತದೆ. ಆದರೆ ಒಂದನ್ನು ಕಪಾಟಿನಲ್ಲಿ ಕಾಪಿಟ್ಟು ಇನ್ನೊಂದನ್ನೇ ತೊಡಬೇಡಿ, ಎರಡನ್ನೂ ಸರದಿಯಲ್ಲಿ ತೊಟ್ಟು ಒಗೆಯಿರಿ. ಸೂಟಿನ ಕೋಟು, ಪ್ಯಾಂಟಿಗೂ ಇದೇ ನಿಯಮ. ಕೋಟನ್ನು ಒಮ್ಮೆ ಮಾತ್ರ ತೊಟ್ಟಿದ್ದರೂ ಪ್ಯಾಂಟಿನ ಜೊತೆಗೇ ಡ್ರೈಕ್ಲೀನಿಂಗ್‌ಗೆ ಹೋಗಬೇಕು, ಇಲ್ಲದಿದ್ದರೆ ಪ್ಯಾಂಟು ಮೊದಲು ಮಾಸಿ ಜೋಡಿ ಒಡೆಯುತ್ತದೆ.