ಎಪೆ ಕತ್ತಿಯ ಬಿಡಿಭಾಗಗಳು: ಯಾವುದಕ್ಕೆ ಯಾವುದು ಹೊಂದುತ್ತದೆ

ಎಪೆ ಎಂದರೆ ಫೆನ್ಸಿಂಗಿನಲ್ಲಿ ಬಳಸುವ ಮೂರು ಬಗೆಯ ಕತ್ತಿಗಳಲ್ಲಿ ಒಂದು. ನಮ್ಮ ಫೆನ್ಸಿಂಗ್ ಕ್ಲಬ್ಬಿನ ಮಕ್ಕಳ ಕತ್ತಿಗಳನ್ನು ದುರಸ್ತಿ ಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದು, ನನಗೆ ಮಲ್ಟಿಮೀಟರ್ ಹಿಡಿಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಬೆಂಗಳೂರಿನಲ್ಲಿ ಕುಳಿತು ಇದರ ಬಿಡಿಭಾಗಗಳನ್ನು ತರಿಸುವವನು ಸಿಕ್ಕಿದ್ದನ್ನು ಕೊಳ್ಳಬೇಕಾಗುತ್ತದೆ. ನನ್ನ ಬಳಿ ಸೇರಿದವುಗಳಲ್ಲಿ ಕೆಲವು ಚೀನಾದವು, ಕೆಲವು ಯಾರೋ ಜರ್ಮನಿಯಿಂದ ಬರುವಾಗ ತಂದುಕೊಟ್ಟವು, ಉಳಿದವು ಮುರಿದ ಬ್ಲೇಡುಗಳಿಂದ ಬಿಚ್ಚಿಟ್ಟುಕೊಂಡವು. ಎಲ್ಲವೂ ಎಪೆಯವೇ ತಾನೇ ಎಂದುಕೊಂಡು ನಾನು ಅವನ್ನೆಲ್ಲ ಒಂದೇ ಡಬ್ಬಿಗೆ ಸುರಿದಿಟ್ಟಿದ್ದೆ.

ಆ ಡಬ್ಬಿಯಿಂದ ತೆಗೆದ ಒಂದು ತುದಿಯನ್ನು ಬೇರೆ ತಯಾರಕರ ಬ್ಯಾರೆಲ್ಲಿಗೆ, ಅಂದರೆ ತುದಿ ಕೂರುವ ಪುಟ್ಟ ಕೊಳವೆಗೆ, ಕೂರಿಸಿ ಒಬ್ಬ ಹುಡುಗಿಗೆ ಕೊಟ್ಟೆ. ತುದಿ ಎದುರಾಳಿಗೆ ತಗುಲಿದಾಗ ಹತ್ತಬೇಕಾದ ದೀಪ ಅಭ್ಯಾಸದಲ್ಲಿ ಎರಡು ವಾರ ಸರಿಯಾಗಿಯೇ ಹತ್ತಿತು. ಸ್ಪರ್ಧೆಯ ದಿನ ರೆಫರಿ ಸಂದಿನ ಅಳತೆ ನೋಡುವ ತೆಳು ಗೇಜನ್ನು ತುದಿಗೂ ಬ್ಯಾರೆಲ್ಲಿಗೂ ನಡುವೆ ತೂರಿಸಲು ನೋಡಿದರು; ಅದು ಒಳಗೆ ಹೋಗಲಿಲ್ಲ. ಪಂದ್ಯ ಶುರುವಾಗುವ ಮೊದಲೇ ಆಕೆಗೆ ಹಳದಿ ಕಾರ್ಡ್ ಬಿತ್ತು. ತಪ್ಪು ನನ್ನದು, ಕಾರ್ಡ್ ಮಾತ್ರ ಅವಳದು. ಅವಳ ಅಮ್ಮ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಎಪೆಯ ತುದಿ ಒಂದು ಪುಟ್ಟ ಸ್ವಿಚ್ಚು. ಬ್ಲೇಡಿನ ಉದ್ದಕ್ಕೂ ಇರುವ ತೋಡಿನಲ್ಲಿ ಅಂಟಿಸಿದ ಎರಡು ತಂತಿಗಳು ಬ್ಯಾರೆಲ್ಲಿನ ತಳದಲ್ಲಿರುವ ಬಟ್ಟಲಿನಲ್ಲಿ ಕೊನೆಗೊಳ್ಳುತ್ತವೆ. ತುದಿಯನ್ನು ಒತ್ತಿದಾಗ ಅದರ ಅಡಿಯಲ್ಲಿರುವ ಸಣ್ಣ ಸಂಪರ್ಕ ಸ್ಪ್ರಿಂಗ್ ಆ ಎರಡೂ ತಂತಿಗಳನ್ನು ಕೂಡಿಸುತ್ತದೆ. ತುದಿಯನ್ನು ಮತ್ತೆ ಮೇಲಕ್ಕೆ ತಳ್ಳುವುದು ಇನ್ನೊಂದು ದೊಡ್ಡ ಸ್ಪ್ರಿಂಗ್. ಒತ್ತಿ ಹಿಡಿದ ತುದಿಯ ಮೇಲೆ 750 ಗ್ರಾಂ ತೂಕವಿಟ್ಟರೂ ಅದು ತುದಿಯನ್ನು ಎತ್ತಿ ದೀಪ ಆರಿಸಬೇಕು. ಗೇಜುಗಳು ಎರಡು. 1.5 ಮಿ.ಮೀ. ಗೇಜು ತುದಿಯ ತಲೆಗೂ ಬ್ಯಾರೆಲ್ಲಿನ ಅಂಚಿಗೂ ನಡುವೆ ಸಲೀಸಾಗಿ ಹೋಗಬೇಕು. 0.5 ಮಿ.ಮೀ. ಗೇಜನ್ನು ಅದೇ ಸಂದಿನಲ್ಲಿಟ್ಟು ತುದಿಯನ್ನು ಪೂರ್ತಿ ಒತ್ತಿದರೆ ದೀಪ ಹತ್ತಬಾರದು. ಎರಡನೆಯದರಲ್ಲಿ ಸೋತ ಕತ್ತಿಯನ್ನು ಸಂಪರ್ಕ ಸ್ಪ್ರಿಂಗನ್ನು ತುಸು ಗಿಡ್ಡ ಮಾಡಿ ಸರಿಪಡಿಸಬಹುದು. ಮೊದಲನೆಯದರಲ್ಲಿ ಸೋತರೆ ಸ್ಪ್ರಿಂಗಿನಿಂದ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಅಳತೆಯೇ ತಪ್ಪಿರುತ್ತದೆ.

ಮನೆಗೆ ಬಂದು ವರ್ನಿಯರ್ ಹಿಡಿದು ಅಳೆದಾಗ ವಿಷಯ ತಿಳಿಯಿತು. ಆ ತುದಿಯಲ್ಲಿ ಸ್ಕ್ರೂ ಕೂರುವ ರಂಧ್ರದಿಂದ ತಲೆಯವರೆಗಿನ ಉದ್ದ, ಬ್ಯಾರೆಲ್ಲಿನ ಜೊತೆಗೆ ಮೊದಲು ಬಂದಿದ್ದ ತುದಿಯ ಉದ್ದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ಕಡಿಮೆಯಿತ್ತು. ತುದಿಯ ವ್ಯಾಸ 8 ಮಿ.ಮೀ. ಇರಬೇಕೆಂಬುದು ನಿಯಮದಲ್ಲೇ ಇರುವುದರಿಂದ ಯಾವ ತಯಾರಕರ ತುದಿಯೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತದೆ. ಒಳಗಿನ ವಿನ್ಯಾಸವನ್ನು ಮಾತ್ರ ಒಬ್ಬೊಬ್ಬರು ಒಂದೊಂದು ರೀತಿ ಮಾಡುತ್ತಾರೆ. ಬ್ಲೇಡಿನ ತುದಿಯ ಥ್ರೆಡ್ಡೂ ನಿಯಮದಂತೆ ಫಾಯಿಲ್ ಎಂಬ ಇನ್ನೊಂದು ಬಗೆಯ ಕತ್ತಿಯಲ್ಲಿ 3.5 ಮಿ.ಮೀ., ಎಪೆಯಲ್ಲಿ 4 ಮಿ.ಮೀ. ಇರುವುದರಿಂದ ಒಬ್ಬರ ಬ್ಯಾರೆಲ್ ಇನ್ನೊಬ್ಬರ ಬ್ಲೇಡಿಗೆ ಸಾಮಾನ್ಯವಾಗಿ ತಿರುಗಿ ಕೂರುತ್ತದೆ. ಈ ಸುಲಭವೇ ನನ್ನನ್ನು ದಾರಿ ತಪ್ಪಿಸಿತ್ತು.

ಸ್ಕ್ರೂಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಒಂದು ಮಾದರಿಯಲ್ಲಿ ಸ್ಕ್ರೂ ತುದಿಯನ್ನು ಕಚ್ಚಿ ಹಿಡಿದಿರುತ್ತದೆ ಮತ್ತು ಅದರ ತಲೆ ಬ್ಯಾರೆಲ್ಲಿನ ಸೀಳಿನಲ್ಲಿ ಮೇಲೆ ಕೆಳಗೆ ಜಾರುತ್ತದೆ. ಇನ್ನೊಂದರಲ್ಲಿ ಸ್ಕ್ರೂ ಬ್ಯಾರೆಲ್ಲನ್ನೇ ಕಚ್ಚಿರುತ್ತದೆ, ಸೀಳು ತುದಿಯಲ್ಲಿರುತ್ತದೆ. ಮೊದಲ ಮಾದರಿಯಲ್ಲಿ ತಲೆ ತುಸು ದಪ್ಪವಾಗಿರುವ ಸ್ಕ್ರೂ ಹಾಕಿದರೆ ತುದಿ ಒಮ್ಮೊಮ್ಮೆ ಒಳಗೇ ಸಿಕ್ಕಿಕೊಳ್ಳುತ್ತದೆ, ತೂಕದ ಪರೀಕ್ಷೆ ಒಮ್ಮೆ ಗೆದ್ದು ಒಮ್ಮೆ ಸೋಲುತ್ತದೆ. ಇಂಥ ಕತ್ತಿಗೆ ನಾನು ಮೂರು ಸಲ ಹೊಸ ಸ್ಪ್ರಿಂಗ್ ಹಾಕಿದ್ದೆ. ಆಲ್‌ಸ್ಟಾರ್ ಮತ್ತು ಊಲ್‌ಮನ್ ಎಂಬ ಎರಡು ಜರ್ಮನ್ ತಯಾರಕರ ತುದಿ, ಬ್ಯಾರೆಲ್, ಸ್ಕ್ರೂಗಳು ತಮ್ಮೊಳಗೆ ಹೊಂದುತ್ತವೆ. ಆ ಮಾದರಿಯನ್ನು ನೋಡಿ ಮಾಡಿದ ಬೇರೆಯವರ ಭಾಗಗಳನ್ನು ಅಳೆದು ನೋಡದೆ ನಾನು ಈಗ ಅವುಗಳೊಂದಿಗೆ ಬೆರೆಸುವುದಿಲ್ಲ.

ತಂತಿ ಬದಲಿಸುವಾಗ ಗಮನಿಸಬೇಕಾದದ್ದು ಬಟ್ಟಲಿನ ಎತ್ತರ. ಬಟ್ಟಲು ಎತ್ತರವಾಗಿದ್ದರೆ ಬ್ಯಾರೆಲ್ ಪೂರ್ತಿ ಕೆಳಗಿಳಿಯುವ ಮೊದಲೇ ಅದನ್ನು ಅಮುಕತೊಡಗುತ್ತದೆ. ಇನ್ನೂ ಒಂದು ಸುತ್ತು ಬಿಗಿದರೆ ಬಟ್ಟಲು ತಿರುಗಿ ತಂತಿ ತುಂಡಾಗುತ್ತದೆ, ಅಲ್ಲಿಗೆ ಒಂದು ಸಂಜೆಯ ಕೆಲಸ ಹಾಳು. ಹಾಗಾಗಿ ಅಂಟು ಹಾಕುವ ಮೊದಲೇ ಬಟ್ಟಲನ್ನು ಒಣದಾಗಿ ಇಟ್ಟು, ಬ್ಯಾರೆಲ್ಲನ್ನು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ ನೋಡುತ್ತೇನೆ. ಹಳೆಯ ಅಂಟನ್ನು ಅಸಿಟೋನ್ ಹಾಕಿ ಕರಗಿಸಿ ತೆಗೆದ ಮೇಲೆಯೇ ಹೊಸದನ್ನು ಹಾಕುತ್ತೇನೆ.

ಹಿಡಿಯ ಕಡೆಯ ತೊಂದರೆ ಅಪರೂಪ, ಆದರೆ ಬಂದರೆ ಅಪಾಯಕಾರಿ. ಹಿಡಿಯೊಳಗೆ ಹೋಗುವ ಬ್ಲೇಡಿನ ಬಾಲದ ಥ್ರೆಡ್ ಈಗ ಬಹುತೇಕ ಎಲ್ಲೆಡೆ 6 ಮಿ.ಮೀ. ಮೆಟ್ರಿಕ್. ಅಮೆರಿಕದಿಂದ ಮರಳಿದ ಗೆಳೆಯರೊಬ್ಬರು ತಮ್ಮ ಹಳೆಯ ಫಾಯಿಲ್ ಒಂದನ್ನು ಕ್ಲಬ್ಬಿಗೆ ಕೊಟ್ಟರು. ಅದರ ಬಾಲದಲ್ಲಿದ್ದದ್ದು ಅಲ್ಲಿ ಹಿಂದೆ ಬಳಕೆಯಲ್ಲಿದ್ದ 12–24 ಥ್ರೆಡ್, ಅಂದರೆ ಸುಮಾರು 5.5 ಮಿ.ಮೀ. ದಪ್ಪ. ನಮ್ಮ ನಟ್ಟು ಅದರ ಮೇಲೆ ಸಡಿಲವಾಗಿ ಕೂತು, ಬಿಗಿಯಾದಂತೆ ಅನ್ನಿಸಿ, ನಾಲ್ಕು ಪೆಟ್ಟಿಗೆ ಜಾರಿತು. ಅದಕ್ಕೆ ಹೊಂದುವ ನಟ್ಟು ಇಲ್ಲಿ ಸಿಗದ ಕಾರಣ ಬ್ಲೇಡನ್ನೇ ಬದಲಿಸಿದೆ. ಅದೇ ಫಾಯಿಲ್‌ನ ಸಾಕೆಟ್ ಎರಡು ಪಿನ್ನಿನದಾಗಿತ್ತು, ಕತ್ತಿಯ ಸಾಕೆಟ್ಟಿಗೆ ಸಿಕ್ಕಿಸುವ ನಮ್ಮ ಮಕ್ಕಳ ತಂತಿಗಳೆಲ್ಲ (ಬಾಡಿ ಕಾರ್ಡ್) ತಿರುಗಿಸಿ ಕೂರಿಸುವ ಬಯೊನೆಟ್ ಮಾದರಿಯವು, ಅದನ್ನೂ ಬದಲಿಸಬೇಕಾಯಿತು. ಎಪೆಯಲ್ಲಿ ಆ ರಗಳೆಯಿಲ್ಲ. ಅದರ ಮೂರು ಪಿನ್ನುಗಳ ಅಂತರ ನಡುವಿನದರಿಂದ 15 ಮತ್ತು 20 ಮಿ.ಮೀ. ಎಂದು ನಿಗದಿಯಾಗಿರುವುದರಿಂದ ಪ್ಲಗ್ಗು ತಿರುವುಮುರುವಾಗಿ ಹೋಗುವುದೂ ಇಲ್ಲ.

ಈಗ ನನ್ನ ಮೇಜಿನ ಮೇಲೆ ಒಂದು ಡಬ್ಬಿಯ ಬದಲು ಆರು ಡಬ್ಬಿಗಳಿವೆ. ತುದಿ, ಬ್ಯಾರೆಲ್, ಎರಡು ಸ್ಪ್ರಿಂಗ್, ಸ್ಕ್ರೂ, ಬಟ್ಟಲು ಇವಿಷ್ಟನ್ನು ಒಬ್ಬ ತಯಾರಕರ ಒಂದು ಗುಂಪು ಎಂದೇ ಇಡುತ್ತೇನೆ, ಮತ್ತು ಪ್ರತಿ ಬ್ಯಾರೆಲ್ಲಿನ ಕೆಳಗೆ ಆ ಗುಂಪಿನ ಬಣ್ಣದ ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಡುತ್ತೇನೆ. ಜೋಡಿಸಿದ ಮೇಲೆ ಮೊದಲು 1.5ರ ಗೇಜು, ಆಮೇಲೆ 0.5, ಆಮೇಲೆ ತೂಕ, ಕೊನೆಗೆ ಮಲ್ಟಿಮೀಟರ್. ತುದಿ ಒತ್ತಿದಾಗ ಪ್ರತಿರೋಧ 2 ಓಮ್ ಮೀರಿದರೆ ಮತ್ತೆ ಬಿಚ್ಚುತ್ತೇನೆ. ಆ ಹುಡುಗಿಯ ಕತ್ತಿಗೆ ಕೆಂಪು ಚುಕ್ಕೆಯಿದೆ. ಸ್ಪರ್ಧೆಗೆ ಹೊರಡುವ ಮುನ್ನ ಅವಳು ಗೇಜನ್ನು ನನ್ನಿಂದ ಇಸಿದುಕೊಂಡು ತಾನೇ ಒಮ್ಮೆ ತೂರಿಸಿ ನೋಡುತ್ತಾಳೆ.